ನೂರ್ ಮತ್ತು ಮೇಘನಾ ನಡುವಿನ ಖಾಲಿ ಜಾಗ

ಮಗಳ ಆಟ ನೋಡಲು ಹೋಗಿ ಎದುರಾಳಿ ತಂಡಕ್ಕೆ ಚಪ್ಪಾಳೆ ತಟ್ಟಿ ಬಂದ ಅಪ್ಪನನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಈ ಅಂಕಣದ ತಲೆಯ ಮೇಲೆ ಅವನ ಫೋಟೋ ಇದೆ. ಒಮ್ಮೆ ನೋಡಿಕೊಳ್ಳಿ.

ನಡೆದದ್ದು ಇಷ್ಟು. ಶುಕ್ರವಾರ ಸಂಜೆ. ಬಿಸಿಲು ಇಳಿದು, ಕುವೈತಿನ ಚಳಿಗಾಲ ಒಂದು ಸ್ವೆಟರ್ ಕೇಳುವ ಹೊತ್ತು. ಹಸಿರು ಪ್ಲಾಸ್ಟಿಕ್ ಹುಲ್ಲಿನ ಮೈದಾನದಲ್ಲಿ ಎರಡು ಕಾಲೇಜುಗಳ ಹುಡುಗಿಯರು ಆಡುತ್ತಿದ್ದರು. ಒಬ್ಬಳು ಮೊಟ್ಟೆಯಾಕಾರದ ಚೆಂಡನ್ನು ಎತ್ತಿ ಎಸೆದಳು. ಅದು ಗಿರಗಿರ ತಿರುಗುತ್ತಾ, ಯಾವ ಅವಸರವೂ ಇಲ್ಲದೆ ಎಲ್ಲರ ತಲೆ ಮೇಲಿಂದ ಹೋಯಿತು. ಆ ತುದಿಯಲ್ಲಿ ಇನ್ನೊಬ್ಬಳು ಓಡುತ್ತಲೇ ಹಿಂದಕ್ಕೆ ಕತ್ತು ತಿರುಗಿಸಿ ಅದನ್ನು ಎದೆಗೆ ಅವುಚಿಕೊಂಡಳು. ಎಷ್ಟು ಚೆಂದ ಇತ್ತೆಂದರೆ ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ.

ನನ್ನ ಸಾಲಿನಲ್ಲಿ ಬೇರೆ ಯಾರೂ ಹೊಡೆಯಲಿಲ್ಲ.

ಆಮೇಲೆ ನೋಡಿದೆ. ಚೆಂಡು ಹಿಡಿದವಳ ಹಿಂದೆಯೇ ಓಡಿ ಬಂದು, ಎರಡೂ ಕೈಗಳನ್ನು ಮಂಡಿಯ ಮೇಲೆ ಊರಿ, ಬಗ್ಗಿ ಏದುಸಿರು ಬಿಡುತ್ತಿದ್ದ ಹುಡುಗಿ ನನ್ನ ಮೇಘನಾ. ತಲೆ ಎತ್ತಿದಳು. ಚಪ್ಪಾಳೆ ಎಲ್ಲಿಂದ ಬಂತು ಅಂತ ಹುಡುಕಿದಳು. ಪ್ರೇಕ್ಷಕರು ಎಷ್ಟು ಕಡಿಮೆ ಇದ್ದರೆಂದರೆ ತಪ್ಪಿಸಿಕೊಳ್ಳಲು ನನಗೆ ಜಾಗವೇ ಇರಲಿಲ್ಲ.

ಸ್ಕೋರ್ ಆಗಿದ್ದು ಅವರದು. ಬಿಟ್ಟುಕೊಟ್ಟವಳು ನನ್ನ ಮಗಳು.

ನನ್ನ ತಪ್ಪೇನು ಹೇಳಿ. ಅವಳು ಫುಟ್‌ಬಾಲ್ ಅಂದಿದ್ದಳು. ನಾನು ಗದಗಿನ ಕಡೆಯವನು, ಕಬಡ್ಡಿ ನೋಡಿ ಬೆಳೆದವನು. ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವುದು ಅಂದುಕೊಂಡು ಹೋಗಿದ್ದೆ. ಇದು ಅಮೆರಿಕದವರ ಫುಟ್‌ಬಾಲ್. ಚೆಂಡು ಕೈಯಲ್ಲೇ ಇರುತ್ತದೆ. (ಆ ಹೆಸರು ಯಾಕಿಟ್ಟರೋ ಅವರನ್ನೇ ಕೇಳಬೇಕು.) ಅದರಲ್ಲೂ ಇವರು ಆಡುವುದು ಸ್ವಲ್ಪ ಮೆದು ಜಾತಿ. ಫ್ಲ್ಯಾಗ್ ಫುಟ್‌ಬಾಲ್. ಯಾರನ್ನೂ ಕೆಡವುವಂತಿಲ್ಲ. ಪ್ರತಿಯೊಬ್ಬಳ ಸೊಂಟದಲ್ಲೂ ಬಟ್ಟೆಯ ಪಟ್ಟಿಗಳು ನೇತಾಡುತ್ತಿರುತ್ತವೆ. ಚೆಂಡು ಹಿಡಿದು ಓಡುವವಳ ಪಟ್ಟಿ ಕಿತ್ತರೆ ಅವಳ ಓಟ ಅಲ್ಲಿಗೆ ಖಲಾಸ್.

ಮನೆಗೆ ಬರುವಾಗ ಕಾರಿನಲ್ಲಿ ಹೇಳಿದೆ, "ನಂಗ ಗೊತ್ತಾಗಲಿಲ್ಲ ಮೇಘಿ."

"ಇಟ್ಸ್ ಓಕೆ, ಅಪ್ಪಾ."

ಅಷ್ಟೇ. ನಮ್ಮ ಮನೆಯಿರುವ ಸಲ್ವಾ ಬಡಾವಣೆ ಬರುವವರೆಗೆ ನಾವಿಬ್ಬರೂ ಮುಂದಿನ ಕಾರಿನ ನಂಬರ್ ಪ್ಲೇಟ್ ಓದಿದೆವು.

ಹಳೆಯ ಓದುಗರಿಗೆ ನೆನಪಿರಬಹುದು, ಎರಡು ವರ್ಷದ ಹಿಂದೆ ಈ ಅಂಕಣ ಕೆಲವು ತಿಂಗಳು ನಿಂತಿತ್ತು. ನನ್ನ ಹೆಂಡತಿ ಸುಮಂಗಲಾ ತೀರಿಕೊಂಡಿದ್ದಳು. ಜ್ವರ ಅಂತ ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ಅದರ ಬಗ್ಗೆ ನಾನು ಬರೆದಿರಲಿಲ್ಲ, ಈಗಲೂ ಬರೆಯುವುದಿಲ್ಲ. ಆಕೆ ಇದ್ದಾಗ ಮನೆ ಹೇಗಿತ್ತು ಅನ್ನುವುದನ್ನಷ್ಟೇ ಹೇಳುತ್ತೇನೆ. ಆಕೆ ಕನ್ನಡದಲ್ಲಿ ಕೇಳುತ್ತಿದ್ದಳು, ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಅದರಲ್ಲಿ ಇಬ್ಬರಿಗೂ ವಿಚಿತ್ರವೇನೂ ಕಾಣುತ್ತಿರಲಿಲ್ಲ. ಜಗಳ, ನಗು, ಬೈಗುಳ ಎಲ್ಲ ಹೀಗೆಯೇ ನಡೆಯುತ್ತಿತ್ತು. ನಾನು ಸೋಫಾದ ಮೇಲೆ ಕೂತ ಪ್ರೇಕ್ಷಕ.

ಆಕೆ ಹೋದ ಮೇಲೆ ಪ್ರೇಕ್ಷಕ ಮಾತ್ರ ಉಳಿದ.

"ಊಟ ಆತೇನು?"

"ಯಾ."

"ಗಾಡ್ಯಾಗ ಪೆಟ್ರೋಲ್ ಅದನು?"

"ಯಾ."

ಇದು ನಮ್ಮ ಮನೆಯ ಒಂದು ದಿನದ ಮಾತುಕತೆ. ನನ್ನ ಕೆಲಸ ಅರ್ದಿಯಾದಲ್ಲಿ, ಹಣ್ಣು-ಮಾಂಸ ಇಡುವ ಗೋದಾಮಿನ ಶೀತಲ ಕೋಣೆಗಳ ಉಸ್ತುವಾರಿ. ಅಲ್ಲಿ ದಿನವಿಡೀ ನಾನಾಡುವ ಭಾಷೆ ಯಲ್ಲಾ, ಖಲಾಸ್, ಚಲೋ ಭಾಯಿ. ಕನ್ನಡದಲ್ಲಿ ನಾನು ಪೂರ್ತಿ ವಾಕ್ಯ ಮಾತಾಡುವುದು ವಾರಕ್ಕೊಮ್ಮೆ, ಇಲ್ಲಿ, ನಿಮ್ಮ ಜೊತೆ. ನೀವು ತಿರುಗಿ ಮಾತಾಡುವುದಿಲ್ಲ ಅನ್ನುವುದೊಂದೇ ಕೊರತೆ.

ಆ ಚಪ್ಪಾಳೆ ವಾರವಿಡೀ ಚುಚ್ಚಿತು. ಊಟದ ವಿರಾಮದಲ್ಲಿ ಆಫೀಸಿನ ಮೂಲೆಯಲ್ಲಿ ಕೂತು ಮೊಬೈಲಿನಲ್ಲಿ ಈ ಆಟದ ವಿಡಿಯೋಗಳನ್ನು ನೋಡಿದೆ. ಜೊತೆಯಲ್ಲಿ ಕೆಲಸ ಮಾಡುವವನೊಬ್ಬ ಬಗ್ಗಿ ನೋಡಿ, "ಭಾಯಿ, ಕ್ರಿಕೆಟ್ ಛೋಡ್ ದಿಯಾ ಕ್ಯಾ?" ಅಂದ. ಬಿಟ್ಟಿಲ್ಲಪ್ಪ. ಮಗಳನ್ನು ಹಿಡಿಯಬೇಕಿದೆ.

ಸ್ವಲ್ಪ ಸ್ವಲ್ಪ ಅರ್ಥವಾಯಿತು. ಎದುರಾಳಿಗಳು ಚೆಂಡು ಎಸೆಯುವಾಗ ಕಾಯುವವರು ಮೈದಾನವನ್ನು ಹೊಲದಂತೆ ಪಾಲು ಮಾಡಿಕೊಳ್ಳುತ್ತಾರೆ. ಈ ತುಂಡು ನಿನ್ನದು, ಆ ತುಂಡು ನನ್ನದು. ಯಾರ ತುಂಡಿನಲ್ಲಿ ಚೆಂಡು ಬೀಳುತ್ತದೋ ಅವರು ನೋಡಿಕೊಳ್ಳಬೇಕು. ಇದಕ್ಕೆ ಕವರೇಜ್ ಅನ್ನುತ್ತಾರೆ. ನಮ್ಮ ತಂಡದಲ್ಲಿ ಬಲಬದಿ ಕಾಯುವವಳು ನೂರ್, ಈಜಿಪ್ಟಿನ ಹುಡುಗಿ, ಮಗಳ ಕ್ಲಾಸ್‌ಮೇಟ್. ಎಲ್ಲರಿಗಿಂತ ಹಿಂದೆ, ಬಹಳ ಹಿಂದೆ, ಒಬ್ಬಳೇ ನಿಲ್ಲುವವಳು ಮೇಘನಾ. ಆ ಜಾಗದ ಹೆಸರು ಸೇಫ್ಟಿ. (ನಮ್ಮ ಗೋದಾಮಿನಲ್ಲಿ ಸೇಫ್ಟಿ ಅಂದರೆ ಹೆಲ್ಮೆಟ್. ಇಲ್ಲಿ ನನ್ನ ಮಗಳು.) ಅವಳನ್ನು ದಾಟಿದರೆ ಮುಂದೆ ಯಾರೂ ಇಲ್ಲ.

ಮುಂದಿನ ಶುಕ್ರವಾರ ಮತ್ತೆ ಹೋದೆ. ಕರೆದಿರಲಿಲ್ಲ. ಈ ಸಲ ಕೈಗಳನ್ನು ಜೇಬಿನಲ್ಲಿ ಭದ್ರವಾಗಿ ಇಟ್ಟುಕೊಂಡು ಕೂತೆ.

ಬೇರೆ ಕಾಲೇಜು, ಬೇರೆ ಹುಡುಗಿಯರು. ಆದರೆ ಚೆಂಡು ಬಿದ್ದದ್ದು ಅದೇ ಜಾಗಕ್ಕೆ. ಎದುರಾಳಿಗಳಲ್ಲಿ ಒಬ್ಬಳು ನೂರ್‌ಳ ಮುಂದೆ ಬಂದು ಅವಳನ್ನು ಎಳೆದುಕೊಂಡು ನಿಲ್ಲುತ್ತಾಳೆ. ಅಷ್ಟರಲ್ಲಿ ಇನ್ನೊಬ್ಬಳು ನೂರ್‌ಳ ಬೆನ್ನ ಹಿಂದಿನಿಂದ ಗೆರೆಯ ಪಕ್ಕದಲ್ಲಿ ಓಡುತ್ತಾಳೆ. ಚೆಂಡು ನೂರ್‌ಳ ತಲೆಯನ್ನು ದಾಟುವಷ್ಟು ಎತ್ತರ, ಮೇಘನಾಳ ಕೈಗೆ ಸಿಗದಷ್ಟು ದೂರ. ನೂರ್ ಹಿಂದೆ ತಿರುಗಿ ಮೇಘನಾಳನ್ನು ನೋಡುತ್ತಾಳೆ. ಮೇಘನಾ ಮುಂದೆ ನೂರ್‌ಳನ್ನು ನೋಡುತ್ತಾಳೆ. ಇಬ್ಬರ ಮುಖದಲ್ಲೂ ಒಂದೇ ಪ್ರಶ್ನೆ. ನೀನು ತೆಗೆದುಕೊಳ್ಳುತ್ತೀ ಅಂದುಕೊಂಡಿದ್ದೆನಲ್ಲ?

ಅವರ ಕೋಚ್ ಲೆಬನಾನಿನ ಹೆಣ್ಣುಮಗಳು. ಸಣ್ಣ ಆಳು, ದೊಡ್ಡ ಗಂಟಲು. ಗೆರೆಯ ಆಚೆಯಿಂದ ಒಂದೇ ಮಾತು ಕೂಗುತ್ತಿದ್ದಳು. "ಟಾಕ್! ಯಲ್ಲಾ ಗರ್ಲ್ಸ್, ಟಾಕ್!"

ಮಾತಾಡಿ. ಎಷ್ಟು ಸುಲಭ, ಅಲ್ಲವೇ?

ಮತ್ತೆ ಸೋತರು. ಮೇಘನಾ ಬೆಂಚಿನ ತುದಿಯಲ್ಲಿ ಕೂತು ಸೊಂಟದ ಪಟ್ಟಿಗಳನ್ನು ಬಿಚ್ಚಿ ಒಂದರ ಮೇಲೊಂದು ಮಡಚಿಟ್ಟಳು. ನೂರ್ ಇನ್ನೊಂದು ತುದಿಯಲ್ಲಿ. ನಡುವೆ ಎರಡು ನೀರಿನ ಬಾಟಲಿ.

ಎರಡು ದಿನದ ನಂತರ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಲವೀನಾ ಸಿಕ್ಕರು. ಉಡುಪಿ ಕಡೆಯವರು, ಎದುರಿನ ಫ್ಲ್ಯಾಟ್, ಒಂದು ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ. ಸುಮಂಗಲಾಗೆ ಈ ಊರಿನಲ್ಲಿ ಇದ್ದ ಒಬ್ಬಳೇ ಗೆಳತಿ. ಕೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡೇ ಅಂದರು, "ಎಂತ ಪಾಟೀಲ್ರೇ, ಅವಳು ಟೀಮು ಬಿಡುವುದಕ್ಕೆ ನೀವೂ ಒಪ್ಪಿದ್ರಾ?"

"ಯಾರು?"

"ಯಾರೆಂದ್ರೆ? ನಿಮ್ಮ ಮಗಳು ಮಾರಾಯ್ರೆ."

"ನಂಗ ಹೇಳೇ ಇಲ್ಲಲ್ರಿ."

"ಅಯ್ಯೋ ದೇವರೇ. ನಾನು ನಿಮಗೆ ಗೊತ್ತುಂಟು ಅಂತ ಗ್ರಹಿಸಿದ್ದೆ."

"ಆಕಿ ನಿಮ್ಮ ಮುಂದ ಎಲ್ಲಾ ಹೇಳ್ತಾಳ, ಏನರ ಇದ್ರ ನೀವು ನಂಗ ಹೇಳ್ತೀರಿ ಅಂತ ನಾ ತಿಳ್ಕೊಂಡಿದ್ದೆ."

ಲಿಫ್ಟ್ ನಿಂತಿತು. ಬಾಗಿಲು ತೆರೆದು ಮತ್ತೆ ಮುಚ್ಚಿಕೊಳ್ಳಲು ಹೊರಟಿತು. ಲವೀನಾ ಕಾಲು ಅಡ್ಡ ಇಟ್ಟರು.

"ಬರ್ತಾಳೆ, ಇಲ್ಲ ಅಂತ ಅಲ್ಲ. ಬಂದು ಸುಮ್ಮನೆ ಕೂತ್ಕೊಳ್ತಾಳೆ. ಟೀವಿ ನೋಡ್ತಾಳೆ. ಆದ್ರೆ ನಾನು ಅವಳ ಅಮ್ಮ ಅಲ್ಲ ಅಲ್ವಾ? ಪಪ್ಪನ ಹತ್ರ ಹೇಳು ಅಂದೆ. ಅದಕ್ಕೆ ಎಂತ ಹೇಳಿದ್ಳು ಗೊತ್ತುಂಟಾ? ಅಪ್ಪ ಬರೀತಾ ಇರ್ತಾರೆ, ಡಿಸ್ಟರ್ಬ್ ಮಾಡುವುದು ಬೇಡ ಅಂತ."

ಬರೆಯುತ್ತಾ ಇದ್ದೆ, ನಿಜ. ಇದನ್ನೇ. ನಿಮಗೇ. ಕೋಣೆಯ ಬಾಗಿಲು ಮುಚ್ಚಿಕೊಂಡು, ನಗಿಸುವ ವಾಕ್ಯಗಳನ್ನು ಹುಡುಕುತ್ತಾ.

ಲವೀನಾ ತಮ್ಮ ಮನೆಯ ಬಾಗಿಲು ತೆರೆಯುವ ಮುಂಚೆ ಇನ್ನೊಂದು ಮಾತು ಹೇಳಿದರು. "ಆ ಟೀಮು ಬಿಟ್ರೆ ಅವಳಿಗೆ ಬೇರೆ ಯಾರೂ ಇಲ್ಲ ಪಾಟೀಲ್ರೇ. ಕಾಲೇಜಿಂದ ಸೀದಾ ಮನೆ. ನೀವು ನೋಡ್ಲಿಲ್ವಾ?"

ನಾನು ನೋಡಿರಲಿಲ್ಲ. ಅವಳಿಗೆ ಬೇಕಾದಷ್ಟು ಗೆಳತಿಯರಿದ್ದಾರೆ ಅಂದುಕೊಂಡಿದ್ದೆ. ಕುವೈತಿನಲ್ಲಿ ಹುಟ್ಟಿದವಳು, ಇಲ್ಲೇ ಓದಿದವಳು. ಅವಳ ಜೊತೆ ಬೆಳೆದವರೆಲ್ಲ ಶಾಲೆ ಮುಗಿಯುತ್ತಿದ್ದಂತೆ ಒಬ್ಬೊಬ್ಬರು ಒಂದೊಂದು ದೇಶಕ್ಕೆ ಹೋದರು ಅನ್ನುವುದು ನನಗೆ ಗೊತ್ತಿತ್ತು. ಅದರ ಅರ್ಥ ಏನು ಅಂತ ಯೋಚಿಸಿರಲಿಲ್ಲ.

ಆ ಸಂಜೆ ಅವಳು ಅಡುಗೆಮನೆಯಲ್ಲಿ ನಿಂತೇ ನೂಡಲ್ಸ್ ತಿನ್ನುತ್ತಿದ್ದಳು. ಟೀಮು ಯಾಕೆ ಬಿಡುತ್ತೀ ಅಂತ ಕೇಳಬೇಕೆಂದು ಹೋದವನ ಬಾಯಿಂದ ಬಂದದ್ದು ಬೇರೆ.

"ಆ ಚೆಂಡು ನಿಂದೋ, ನೂರ್‌ಂದೋ?"

ಫೋರ್ಕ್ ನಿಂತಿತು. "ವಾಟ್?"

"ಬಲಕ್ಕ ಬೀಳತದಲ್ಲ, ಪ್ರತಿ ಸಲ ಅಲ್ಲೇ. ಆಕಿ ಹಿಂದ, ನಿನ್ನ ಮುಂದ. ಅದು ಯಾರದು?"

ಅವಳು ನನ್ನನ್ನು ನೋಡಿದ ರೀತಿ ಹೇಗೆ ಹೇಳಲಿ? ಮನೆಯ ಫ್ರಿಜ್ ಎದ್ದು ಬಂದು ಮಾತಾಡಿದಂತೆ. ಆಮೇಲೆ ತಟ್ಟೆ ಬದಿಗಿಟ್ಟಳು. ಕೆಚಪ್ ಬಾಟಲಿ ತೆಗೆದು ಕಟ್ಟೆಯ ಮೇಲೆ ನಿಲ್ಲಿಸಿದಳು, ಅದು ನೂರ್. ಉಪ್ಪಿನ ಡಬ್ಬಿ ತಾನು. ಎರಡು ಲೋಟ ಎದುರಾಳಿಗಳು. ಇಂಗ್ಲಿಷಿನಲ್ಲಿ ಬಡಬಡ ಹೇಳುತ್ತಾ ಹೋದಳು. ಅವಳು ಇಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿ ಎಷ್ಟು ಕಾಲವಾಗಿತ್ತೋ.

ವಿಷಯ ಇಷ್ಟು. ಆ ಚೆಂಡು ಇಬ್ಬರದೂ ಹೌದು. ನಡುವೆ ಯಾರೂ ಓಡಿ ಬರದಿದ್ದರೆ ಮೇಘನಾ ಬದಿಗೆ ಓಡಿ ತೆಗೆದುಕೊಳ್ಳಬೇಕು. ನಡುವೆ ಯಾರಾದರೂ ಬಂದರೆ ಅವಳು ಅಲ್ಲೇ ನಿಲ್ಲಬೇಕು, ನೂರ್ ಹಿಂದೆ ಸರಿಯಬೇಕು. ಯಾವುದು ಅನ್ನುವುದು ಹಿಂದೆ ನಿಂತ ಮೇಘನಾಗೆ ಮಾತ್ರ ಕಾಣುತ್ತದೆ. ಅವಳೇ ಕೂಗಿ ಹೇಳಬೇಕು.

"ಮತ್ತ ಯಾಕ ಹೇಳಂಗಿಲ್ಲ?"

"ಹೇಳಿದ್ವಿ ಅಪ್ಪಾ! ದಟ್ಸ್ ದ ಪ್ರಾಬ್ಲಂ. ದೇ ಹಿಯರ್ ಅಸ್."

ಚೆಂಡು ಎಸೆಯುವವಳಿಗೂ ಕಿವಿ ಇದೆಯಲ್ಲ. ಮೇಘನಾ ಇಂಗ್ಲಿಷಿನಲ್ಲಿ ನಾನು ಬರುತ್ತೇನೆ ಅಂತ ಕೂಗಿದರೆ ಅವಳು ನಡುವಿಗೆ ಎಸೆಯುತ್ತಾಳೆ. ಮೊದಲ ಪಂದ್ಯದಲ್ಲೇ ಹಾಗಾಗಿ, ಆಮೇಲೆ ಇಬ್ಬರೂ ಬಾಯಿ ಮುಚ್ಚಿಕೊಂಡರಂತೆ. ಬಾಯಿ ಮುಚ್ಚಿಕೊಂಡ ಮೇಲೆ ಆದದ್ದನ್ನು ನಾನೇ ನೋಡಿದ್ದೆ.

"ಅರಬ್ಬಿಯೊಳಗ ಹೇಳ್ರಿ."

"ಅಪ್ಪಾ. ದಿಸ್ ಈಸ್ ಕುವೈತ್."

"ಹಿಂದಿ?"

"ಅರ್ಧ ಜನಕ್ಕೆ ಬರುತ್ತೆ. ಇನ್ನರ್ಧ ಜನ ಸಿನಿಮಾ ನೋಡಿ ಕಲ್ತಿದ್ದಾರೆ."

ಅವಳು ಕೆಚಪ್ ಬಾಟಲಿಯನ್ನು ಒಂದು ಸುತ್ತು ತಿರುಗಿಸಿದಳು. ಆಮೇಲೆ ಅವಳೇ ಅಂದಳು, ನಿಧಾನವಾಗಿ, "ಕನ್ನಡ ಯಾರಿಗೂ ಬರಲ್ಲ."

ನೋಡಿ, ನಮ್ಮ ಭಾಷೆಗೆ ಈ ಊರಿನಲ್ಲಿ ಸಿಕ್ಕ ಮರ್ಯಾದೆ. ಯಾರಿಗೂ ಬರುವುದಿಲ್ಲ, ಅದಕ್ಕೇ ಬೇಕು. ನನಗೆ ಬೇಸರವಾಗಬೇಕಿತ್ತು. ಆಗಲಿಲ್ಲ. ನಾನು ಆಗಲೇ ಅಂಗಿಯ ತೋಳು ಮಡಚುತ್ತಿದ್ದೆ. (ಮುಂದಿನ ಪಂದ್ಯದ ಎದುರಾಳಿ ತಂಡದಲ್ಲಿ ಮಂಗಳೂರಿನವರ ಮಗಳೊಬ್ಬಳು ಇದ್ದಾಳಂತೆ, ಆದರೆ ಮನೆಯಲ್ಲಿ ಕೊಂಕಣಿ. ಮೇಘನಾ ವಿಚಾರಿಸಿಕೊಂಡೇ ಹೇಳಿದ್ದು.)

"ನನ್ನದು, ನಿನ್ನದು" ಅಂತ ಕಲಿಸಿದೆ. ಅವಳು ಬಾಲ್ಕನಿಯ ತುದಿಗೆ ಹೋಗಿ ನಿಂತಳು, ನಾನು ಅಡುಗೆಮನೆಯಲ್ಲಿ. ಕೂಗಿದಳು. ನನಗೆ ಕೇಳಿದ್ದು "...ನ್ನದು!"

"ಯಾರದು?"

"...ನ್ನದು!"

ಒಂದು ಅಕ್ಷರದಲ್ಲಿ ನಾನು ನೀನಾಗುವ ಭಾಷೆ. ಅಡುಗೆಮನೆಯಿಂದ ಬಾಲ್ಕನಿಗೇ ತಲುಪಲಿಲ್ಲ, ಇನ್ನು ಮೈದಾನದಲ್ಲಿ? ಅವಳು ನಕ್ಕಳು. ನಾನೂ ನಕ್ಕೆ. ಬಿಡು, ಹಿಡಿ, ಬಾ, ನಿಲ್ಲು, ಒಂದೊಂದೇ ಹಾಕಿ ನೋಡಿದೆವು. ಅವಳಿಗೆ ಯಾವುದೂ ಒಪ್ಪಿಗೆಯಾಗಲಿಲ್ಲ. ಕೊನೆಗೆ ಬಾಲ್ಕನಿಯ ಬಾಗಿಲಿಗೆ ಒರಗಿ ಕೇಳಿದಳು, "ಆ ಸ್ಲೈಡ್ ಹತ್ರ ಅಮ್ಮ ಏನು ಹೇಳ್ತಿದ್ರು?"

ನಮ್ಮ ಮನೆಯಲ್ಲಿ ಅಮ್ಮ ಅನ್ನುವ ಶಬ್ದ ಜೋರಾಗಿ ಕೇಳಿ ಬಹಳ ದಿನವಾಗಿತ್ತು.

ಕಟ್ಟಡದ ಹಿಂದಿನ ಮರಳಿನಲ್ಲಿ ಮಕ್ಕಳಿಗೆಂದು ಒಂದು ಜಾರುಬಂಡಿ ಇತ್ತು. ಬಿಸಿಲಿಗೆ ಕಾದು ಕೆಂಡವಾಗಿರುತ್ತಿತ್ತು. ಸುಮಂಗಲಾ ವೇಲಿನ ತುದಿಯನ್ನು ನೀರಿನಲ್ಲಿ ಅದ್ದಿ ಅದನ್ನು ಮೇಲಿಂದ ಕೆಳಗೆ ಒರೆಸಿ, ಕೆಳಗೆ ನಿಂತು ಎರಡೂ ಕೈ ಚಾಚುತ್ತಿದ್ದಳು. ಮೇಲೆ ಕೂತ ಪುಟ್ಟ ಮೇಘನಾ ಹಿಡಿಕೆ ಬಿಡುತ್ತಿರಲಿಲ್ಲ. ಆಗ ಸುಮಂಗಲಾ ಒಂದು ಮಾತು ಹೇಳುತ್ತಿದ್ದಳು. ನನಗೆ ನೆನಪಿತ್ತು. ಕಟ್ಟೆಯ ಮೇಲಿನ ಉಪ್ಪಿನ ಡಬ್ಬಿಯನ್ನು ಅತ್ತಿತ್ತ ಸರಿಸಿದೆ.

ಅವಳೇ ಹೇಳಿದಳು. "ಬಾ, ನಾ ಅದೀನಿ."

ಅಪ್ಪಟ ಗದಗಿನ ಉಚ್ಚಾರ. ಅ ಸ್ವಲ್ಪ ಒತ್ತಿ, ದೀ ಎಳೆದು. ಇಷ್ಟು ವರ್ಷ ಅದನ್ನು ಎಲ್ಲಿ ಇಟ್ಟುಕೊಂಡಿದ್ದಳೋ?

ನಾನು ಇದ್ದೇನೆ. ನಾನು ನೋಡಿಕೊಳ್ಳುತ್ತೇನೆ. ಚೆಂಡಿಗೂ ಅದೇ ಸರಿ. ಹಾಗೆ "ಅದೀನಿ" ಅಂದರೆ ನಾನು ತೆಗೆದುಕೊಳ್ಳುತ್ತೇನೆ, "ತೊಗೋ" ಅಂದರೆ ನೀನು ತೆಗೆದುಕೋ. ಎರಡೇ ಶಬ್ದ. ಎಷ್ಟು ದೂರದಿಂದ ಕೂಗಿದರೂ ಒಂದು ಇನ್ನೊಂದರಂತೆ ಕೇಳಿಸುವುದಿಲ್ಲ.

ಟೀಮು ಬಿಡುವ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ವಾರದ ನಡುವೆ ನೂರ್ ಅವಳನ್ನು ಪ್ರಾಕ್ಟೀಸಿಗೆ ಕರೆದೊಯ್ಯಲು ಬಂದಳು. ಬಾಗಿಲು ತೆರೆದವನ ಕೈಗೆ ಅವಳ ತಾಯಿ ಮಾಡಿದ ರವೆಯ ಸಿಹಿಯ ಡಬ್ಬಿ ಹಿಡಿದು, "ಅಂಕಲ್, ತೊಗೋ!" ಅಂದಳು. ಹಿರಿಯರಿಗೆ ತೊಗೋರಿ ಅನ್ನಬೇಕು ಅಂತ ತಿದ್ದಲು ಹೋಗಿ ಬಿಟ್ಟೆ. ಇನ್ನೊಂದು ವಿಷಯವನ್ನೂ ಅವಳೇ ಹೇಳಿದಳು. ಅವರ ಈಜಿಪ್ಟಿನ ಅರಬ್ಬಿಯಲ್ಲಿ 'ಇದ್ದೀನಿ' ಅಂದರೆ 'ನನಗೆ ಕೊಡು' ಅಂತ ಅರ್ಥವಂತೆ. ನಮ್ಮ 'ಅದೀನಿ' ಕೇಳಿದಾಗಲೆಲ್ಲ ಯಾರೋ ಏನೋ ಕೇಳುತ್ತಿದ್ದಾರೆ ಅನಿಸುತ್ತದೆ ಅಂತ ಬಿದ್ದು ಬಿದ್ದು ನಕ್ಕಳು.

ನಾನು ಇದ್ದೀನಿ. ನನಗೆ ಕೊಡು. ಅವರು ಹೋದ ಮೇಲೆ ಡಬ್ಬಿ ಹಿಡಿದುಕೊಂಡು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದೆ.

ಮೂರನೆಯ ಪಂದ್ಯ. ನಮ್ಮ ತಂಡ ಲೀಗಿನಿಂದ ಆಗಲೇ ಹೊರಬಿದ್ದಾಗಿತ್ತು, ಗೆದ್ದರೂ ಏನೂ ಸಿಗುವಂತಿರಲಿಲ್ಲ. ಎದುರಿಗಿದ್ದದ್ದು ಎಲ್ಲರನ್ನೂ ಸೋಲಿಸಿದ ತಂಡ. ಗಾಳಿ ಬೀಸುತ್ತಿತ್ತು. ನಾನು ಮೇಲಿನ ಸಾಲಿನಲ್ಲಿ ಒಬ್ಬನೇ ಕೂತಿದ್ದೆ.

ಮೊದಲ ಸಲ ಚೆಂಡು ಬಲಕ್ಕೆ ಹಾರಿದಾಗ ಕೇಳಿತು.

"ಅದೀನಿ!"

ಮೇಘನಾ ಬಾಣದಂತೆ ಬಂದು ಚೆಂಡನ್ನು ಬಡಿದು ಕೆಡವಿದಳು. ಚೆಂಡು ಎಸೆದವಳು ತನ್ನವರ ಕಡೆ ತಿರುಗಿ ಏನೆಂದಳು ಅಂತ ಕೈಸನ್ನೆ ಮಾಡಿದಳು. ಅವರಲ್ಲಿ ಹಿಂದಿ ಬರುವವಳೊಬ್ಬಳು ಭುಜ ಕುಣಿಸಿದಳು. ಇನ್ನೊಮ್ಮೆ ಹಾರಿತು. "ತೊಗೋ!" ನೂರ್ ಹಿಂದಕ್ಕೆ ಸರಿದಳು. ಆಮೇಲೆ ಎಡಬದಿಯ ಹುಡುಗಿಯೂ ಶುರು ಮಾಡಿದಳು, ಫಿಲಿಪೀನ್ಸಿನವಳು, ಅವಳ ಬಾಯಲ್ಲಿ ಅದು "ಅದಿನೀ". ಇನ್ನೊಬ್ಬಳ ಬಾಯಲ್ಲಿ "ತೋಗೂ". ಹಿಂದಿನಿಂದ, ಬದಿಯಿಂದ, ಮೈದಾನದ ತುಂಬ.

ನನ್ನ ಹೆಂಡತಿ ಈ ಊರಿಗೆ ಬಂದಾಗ ಮೊದಲ ವರ್ಷವೆಲ್ಲ ಇಲ್ಲಿ ಮಾತಾಡಲು ಯಾರೂ ಇಲ್ಲ ಅಂತ ಅತ್ತವಳು. ಅವಳ ಮಾತನ್ನು ಈಗ ನಾಲ್ಕು ದೇಶದ ಹುಡುಗಿಯರು ಗಂಟಲು ಹರಿದು ಕೂಗುತ್ತಿದ್ದರು. ನಾನು ತಲೆ ಬಗ್ಗಿಸಿ ಶೂ ನೋಡಿಕೊಂಡೆ. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಹೇಳುತ್ತಿದ್ದೆ. ಇದು ಯಾರ ಮಾತು ಗೊತ್ತೇನು, ಅಂತ. ಯಾರೂ ಇರಲಿಲ್ಲ.

ಕೊನೆಯ ಆಟದಲ್ಲಿ ನಮ್ಮವರು ಒಂದು ಅಂಕ ಮುಂದಿದ್ದರು. ಚೆಂಡು ಹಾರಿತು, ಅದೇ ಜಾಗಕ್ಕೆ. ಮೇಘನಾ ಒಂದು ಹೆಜ್ಜೆ ಬದಿಗೆ ಇಟ್ಟಳು. ನಾನು ಎದ್ದೇ ನಿಂತೆ. ಅವಳು ತಟ್ಟನೆ ನಿಂತಳು. ನಡುವಿನಲ್ಲಿ ಇನ್ನೊಬ್ಬಳು ಓಡಿ ಬರುತ್ತಿದ್ದುದು ಅವಳಿಗೆ ಕಂಡಿತ್ತು. ಆ ಚೆಂಡಿನ ಹಿಂದೆ ಓಡದೆ ನಿಲ್ಲುವುದು ಎಷ್ಟು ಕಷ್ಟ ಅನ್ನುವುದು ಆ ಕ್ಷಣ ಅವಳ ಕಾಲುಗಳನ್ನು ನೋಡಿದರೆ ತಿಳಿಯುತ್ತಿತ್ತು.

"ನೂರ್, ತೊಗೋ!"

ನೂರ್ ಹಿಂದೆ ತಿರುಗಿ ನೋಡಲಿಲ್ಲ. ಹಿಮ್ಮುಖವಾಗಿ ಓಡಿ, ಜಿಗಿದು, ಚೆಂಡನ್ನು ಬೆರಳ ತುದಿಯಲ್ಲಿ ಎಳೆದುಕೊಂಡು ಬಿದ್ದಳು. ಬಿದ್ದ ಮೇಲೆ ಚೆಂಡನ್ನು ಮೇಲೆತ್ತಿ ಕೂಗಿದಳು, "ಅದೀನೀ!" ವ್ಯಾಕರಣ ಸ್ವಲ್ಪ ತಡವಾಗಿ ಬಂತು, ಪರವಾಗಿಲ್ಲ.

ಗೆದ್ದರು. ಕಪ್ಪಿಲ್ಲ, ಏನಿಲ್ಲ. ಆದರೂ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕಿರುಚಿದರು. ಆ ರಾಶಿಯ ಅಡಿಯಲ್ಲೆಲ್ಲೋ ನನ್ನ ಮಗಳ ನಗು ಕೇಳಿತು.

ಸ್ವಲ್ಪ ಹೊತ್ತಿಗೆ ಅವಳು ಬೇಲಿಯ ಹತ್ತಿರ ಬಂದಳು. ಎಲ್ಲರೂ ಊಟಕ್ಕೆ ಹೋಗುತ್ತಿದ್ದಾರೆ, ನೂರ್ ತನ್ನನ್ನು ಮನೆಗೆ ಬಿಡುತ್ತಾಳೆ ಅಂದಳು. "ಹೋಗಿ ಬಾರವಾ," ಅಂದೆ. ಹೊರಟವಳು ತಿರುಗಿ ಕೇಳಿದಳು, "ನೀವು ಓಕೆನಾ?"

"ಯಾ," ಅಂದೆ.

ಐದನೇ ರಿಂಗ್ ರೋಡಿನಲ್ಲಿ ಒಬ್ಬನೇ ಬಂದೆ. ಪಕ್ಕದ ಸೀಟಿನಲ್ಲಿ ಅವಳ ಸ್ವೆಟರ್ ಇತ್ತು. ಬೀಗ ತೆಗೆದೆ, ದೀಪ ಹಾಕಿದೆ. ಫ್ರಿಜ್ಜಿನ ಕಂಪ್ರೆಸರ್ ಗುರ್ ಅನ್ನುತ್ತಿತ್ತು. ಶಬ್ದ ಕೇಳಿದರೆ ಸಾಕು, ಅದಕ್ಕೆ ದಣಿವಾಗಿದೆ ಅಂತ ಹೇಳಬಲ್ಲೆ, ಅದೇ ನನ್ನ ಕೆಲಸ. ಲವೀನಾಗೆ ಪಂದ್ಯದ ಸುದ್ದಿ ಹೇಳೋಣವೆಂದು ಅವರ ಬೆಲ್ ಒತ್ತಿದೆ. ಇರಲಿಲ್ಲ. ಮಗಳು ಗೆದ್ದ ದಿನ ಅದನ್ನು ಹೇಳಲು ಒಂದು ಕಿವಿಯೂ ಇಲ್ಲದಿರುವುದು ಎಂಥದ್ದು ಅಂತ, ಗಲ್ಫಿನಲ್ಲಿ ಕೂತು ಇದನ್ನು ಓದುತ್ತಿರುವ ಕೆಲವರಿಗಾದರೂ ಗೊತ್ತಿರುತ್ತದೆ. ಕೊನೆಗೆ ಮಾಡುವುದೇನು? ಲ್ಯಾಪ್‌ಟಾಪ್ ತೆಗೆದು ನಿಮಗೆ ಬರೆಯಲು ಕೂತೆ. ಮೊದಲ ಸಾಲೇ ಬರಲಿಲ್ಲ.

ಪಕ್ಕದ ಮಸೀದಿಯಲ್ಲಿ ರಾತ್ರಿಯ ಇಶಾ ನಮಾಜಿನ ಬಾಂಗ್ ಮುಗಿದು ಬಹಳ ಹೊತ್ತಾದ ಮೇಲೆ ಮೇಘನಾ ಬಂದಳು. ಕೈಯಲ್ಲಿ ನನಗೆಂದು ಕಟ್ಟಿಸಿಕೊಂಡು ಬಂದ ಶವರ್ಮಾ. ಲ್ಯಾಪ್‌ಟಾಪ್ ನೋಡಿದಳು. "ಓ, ಬರೀತಿದ್ದೀರಾ. ಸಾರಿ," ಅಂತ ತನ್ನ ಕೋಣೆಯ ಕಡೆ ಹೊರಟಳು.

ಮುಚ್ಚಿದೆ. "ಕೂಡು," ಅಂದೆ.

ಕೂತಳು. ಎದುರಿನ ಕುರ್ಚಿ, ಅದು ಅವಳ ಅಮ್ಮನದು. ಮೇಜಿನ ಮೇಲಿನ ತುಣುಕೊಂದನ್ನು ಬೆರಳಿನಿಂದ ಅತ್ತ ಇತ್ತ ಆಡಿಸಿದಳು.

"ನೂರ್ ಹೇಳಿದ್ಳು, ನೀವು ಅಳ್ತಾ ಇದ್ರಂತೆ."

"ಕಣ್ಣಾಗ ಧೂಳ ಬಿದ್ದಿತ್ತು."

"ಧೂಳೇ ಇರಲಿಲ್ಲ ಅಪ್ಪಾ."

"ಇತ್ತು."

ಅವಳು ಮುಂದೆ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಶುರು ಮಾಡಿ, ಅಲ್ಲೇ ಬಿಟ್ಟು, ಕನ್ನಡಕ್ಕೆ ಬಂದಳು. ಒಂದೊಂದೇ ಶಬ್ದ ಹುಡುಕಿ ಇಟ್ಟಳು. "ಅಮ್ಮನ ದನಿ ನಂಗ ಮರತು ಹೋಗಾಕತ್ತದ. ಅದಕ್ಕ... ಯಾರಾದ್ರೂ ಜೋರಾಗಿ ಅನ್ನಲಿ ಅನ್ನಿಸ್ತು."

ಆಟಕ್ಕೆ ಅಂತ ನಾನು ತಿಳಿದುಕೊಂಡಿದ್ದೆ.

"ನಂಗೂ," ಅಂದೆ. ಸುಮ್ಮನೆ ಸಮಾಧಾನಕ್ಕೆ ಹೇಳಿದ ಮಾತಲ್ಲ. ಬೆಳಿಗ್ಗೆ ಎದ್ದಾಗ ಆಕೆಯ ಮುಖ ಬರುತ್ತದೆ, ದನಿ ಬರುವುದಿಲ್ಲ. ಕೆಲವು ತಿಂಗಳಿಂದ ಹೀಗಿದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ನಿಮಗೂ.

"ನಿಮ್ಮ ಫೋನಲ್ಲಿ ವಾಯ್ಸ್ ಮೆಸೇಜ್ ಇಲ್ವಾ?"

"ಅದಾವ. ನಿನ್ನ ಫೋನ್‌ನ್ಯಾಗ?"

"ಇವೆ."

"ಕೇಳಿಯೇನು?"

ಇಲ್ಲವೆಂದು ತಲೆ ಅಲ್ಲಾಡಿಸಿದಳು. "ನಿಮಗೆ ಕೇಳಿಸಿಬಿಟ್ರೆ ಅಂತ..."

ನಾನು ಕೇಳದಿದ್ದುದಕ್ಕೂ ಕಾರಣ ಅದೇ. ಗೋಡೆಯ ಆಚೆ ಅವಳಿದ್ದಾಳೆ, ಅವಳಿಗೆ ಕೇಳಿಸಿಬಿಟ್ಟರೆ ಅಂತ.

ನನ್ನ ಫೋನನ್ನು ಮೇಜಿನ ಮೇಲೆ ಇಟ್ಟು ಒಂದನ್ನು ಒತ್ತಿದೆವು. ಹಿಂದೆ ಬಿಸಿ ಎಣ್ಣೆಯ ಚಿಟಪಟ, ಮುಂದೆ ಸುಮಂಗಲಾ, ನನ್ನ ಮೇಲೆ ಎಂದಿನಂತೆ ಸ್ವಲ್ಪ ಸಿಟ್ಟಿನಲ್ಲಿ. "ಬರೋವಾಗ ಬಕಾಲ ಅಂಗಡ್ಯಾಗಿಂದ ಮೊಸರು ತರ್ರಿ. ನಿನ್ನೆನೂ ಮರತು ಬಂದೀರಿ." ಅಷ್ಟೇ. ಮುಗಿಯಿತು.

ಮೇಘನಾ ಇನ್ನೊಮ್ಮೆ ಒತ್ತಿದಳು.

ಒಂದೇ ಮನೆ, ನಡುವೆ ಒಂದೇ ಗೋಡೆ, ಇಬ್ಬರಿಗೂ ಇದ್ದದ್ದು ಒಂದೇ ದುಃಖ. ಇಷ್ಟು ದಿನ ನಾವು ಅದನ್ನು ಬಚ್ಚಿಟ್ಟಿದ್ದಾದರೂ ಯಾರಿಂದ?